ಕಾರವಾರದ ಕದಂಬ ನೌಕಾನೆಲೆಯ ಬಗ್ಗೆ ಫಾರ್ವರ್ಡ್‌ಗಳು: ಸರ್ಕಾರ ಸುಮ್ಮನಿದ್ದರೆ ಯಾರನ್ನು ನಂಬುವುದು?

ಬೈತಖೋಲ್_ಬಂದರು: 2025ರ ಮೇ ತಿಂಗಳಂತೆ ಪಾಕಿಸ್ತಾನದ ಗಡಿ ಬಿಸಿಯಾದಾಗೆಲ್ಲ ಕಾರವಾರದ ವಾಟ್ಸಾಪ್ ಗ್ರೂಪುಗಳಲ್ಲಿ ನೌಕಾನೆಲೆಯ ಬಗ್ಗೆ ವಾಯ್ಸ್ ಮೆಸೇಜುಗಳ ಸುರಿಮಳೆ. ಅಧಿಕೃತವಾಗಿ ಒಂದು ಸಾಲೂ ಇಲ್ಲ. ಮುಚ್ಚಿಡುತ್ತಿದ್ದಾರೆ ಅಂತ ಜನ ಅಂದುಕೊಂಡರೆ ತಪ್ಪೇ?

ಕಾಳಿ_ದಂಡೆ: ಮೌನವೆಲ್ಲ ಸುಳ್ಳಲ್ಲ. ಕೇಬಲ್ ಟಿವಿ ನಿಯಮ 6(1)(ಪಿ) ಪ್ರಕಾರ ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರ ಇಲ್ಲ. ನಿಯೋಜಿತ ಅಧಿಕಾರಿ ಆಗಾಗ ಕೊಡುವ ಮಾಹಿತಿ ಮಾತ್ರ. ಹಾಗೆಯೇ ನೌಕಾನೆಲೆಯಿಂದ ಹಡಗು ಹೊರಟಿತೇ ಎಂಬುದಕ್ಕೆ ಉತ್ತರ ಸಿಗದು, ಸಿಗಲೂಬಾರದು. ಆದರೆ ಸೈರನ್ ಕೂಗಿದರೆ ಏನು ಮಾಡಬೇಕು ಎಂಬುದು ಗುಟ್ಟಲ್ಲ: ಏರಿಳಿಯುವ ಸದ್ದು ಎಚ್ಚರಿಕೆ, ಒಂದೇ ಸಮನೆ ಕೂಗಿದರೆ ಅಪಾಯ ಕಳೆದಿದೆ.

ಘಟ್ಟದ_ಮೇಲೆ (ಶಿರಸಿ): ಫಾರ್ವರ್ಡ್ ಬಂದರೆ ಮೊದಲು ದಿನಾಂಕ ನೋಡಿ. ವಿಡಿಯೋದ ಒಂದು ಸ್ಕ್ರೀನ್‌ಶಾಟ್ ತೆಗೆದು, ಚಿತ್ರದ ಮೂಲ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಬೇರೆ ದೇಶದ ಹಳೇ ಯುದ್ಧದ್ದೋ, ವಿಡಿಯೋ ಗೇಮಿನದ್ದೋ ಆಗಿದ್ದರೆ ಬಹಳ ಸಲ ಅಲ್ಲೇ ಬಯಲಾಗುತ್ತದೆ. ಕೇಂದ್ರ ಸರ್ಕಾರದ ಸುದ್ದಿ ಪರಿಶೀಲನಾ ಘಟಕವಾದ ಪಿಐಬಿ ಫ್ಯಾಕ್ಟ್ ಚೆಕ್‌ಗೂ ಕಳಿಸಬಹುದು, ಆದರೆ ಅದು ನೋಡುವುದು ಕೇಂದ್ರ ಸರ್ಕಾರದ ವಿಷಯ ಮಾತ್ರ. 'ನಾಳೆ ಶಾಲೆಗೆ ರಜೆಯಂತೆ' ಅಂದರೆ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೇ ಕೇಳಬೇಕು. ಅಲ್ಲದೆ ಸರ್ಕಾರದ ಸುಳ್ಳನ್ನು ಸರ್ಕಾರದ ಘಟಕವೇ ಹಿಡಿದೀತು ಎಂಬ ಭ್ರಮೆಯೂ ಬೇಡ.

ಬೈತಖೋಲ್_ಬಂದರು: ವಾಯ್ಸ್ ಮೆಸೇಜಿಗೆ?

ಘಟ್ಟದ_ಮೇಲೆ (ಶಿರಸಿ): ಲೆನ್ಸ್ ನಡೆಯದು. ಹೆಸರು, ಹುದ್ದೆ, ಹೊತ್ತು ಮೂರೂ ಇಲ್ಲದಿದ್ದರೆ ಮುಂದೆ ಕಳಿಸಬೇಡಿ.

ಕಾಳಿ_ದಂಡೆ: ಜಿಲ್ಲಾಡಳಿತದ್ದೂ ತಪ್ಪಿದೆ ಮಾರಾಯ್ರೆ. ದಿನಾ ಸಂಜೆ ಆರಕ್ಕೆ 'ಹೊಸದೇನಿಲ್ಲ' ಎಂದು ಹೇಳಿದರೂ ಸಾಕು, ಅರ್ಧ ಗಾಳಿಸುದ್ದಿ ನಿಲ್ಲುತ್ತದೆ. ಮೀನುಗಾರರಿಗೆ 'ನೌಕಾನೆಲೆಯತ್ತ ಹೋಗಬೇಡಿ' ಅಂದಾಗ ಎಷ್ಟು ದಿನ, ಎಲ್ಲಿಯವರೆಗೆ ಎಂಬುದನ್ನೂ ಕನ್ನಡ, ಕೊಂಕಣಿ ಎರಡರಲ್ಲೂ ಬಂದರಿನ ಬೋರ್ಡಿಗೆ ಹಚ್ಚಲಿ.