ಮೇನ್‌ಶೀಟ್ ಟ್ಯಾಕಲ್‌ಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ ಬೇಕು)

ಹಲಸೂರಿನಿಂದ:

ಎಲ್ಲರಿಗೂ ನಮಸ್ಕಾರ. ಹಾಯಿದೋಣಿ ಪಂದ್ಯಕ್ಕೆ ತಯಾರಾಗುವವರ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಜೊತೆಗೆ ದೋಣಿಮನೆಯ ಗೋಡೆಗೆ ಮೂರಡಿ ಅಗಲದ ಫಲಕ. ಗುರುವಾರ ಸಂಜೆ ಅಚ್ಚಿಗೆ ಹೋಗಬೇಕು. ಒಂದು ಅಧ್ಯಾಯವಿಡೀ ಮೇನ್‌ಶೀಟ್ ಟ್ಯಾಕಲ್ ಆರಿಸುವುದರ ಬಗ್ಗೆ ಇದೆ: ಇಬ್ಬರೇ ನಡೆಸುವ ದೋಣಿಗೆ ಯಾವ ಜೋಡಣೆ ಒಗ್ಗುತ್ತದೆ ಎಂದು.

ವಸ್ತು ಇದು. ಕೂವೆಯಿಂದ, ಅಂದರೆ ದೋಣಿಯ ಹಾಯಿಗಂಬದಿಂದ, ಹಿಂದಕ್ಕೆ ಚಾಚಿದ ಅಡ್ಡಮರ, ಅದರ ಮೇಲೆ ದೊಡ್ಡ ಹಾಯಿ. ಅಡ್ಡಮರವನ್ನು ಒಳಕ್ಕೆಳೆಯಲು, ಹೊರಕ್ಕೆ ಬಿಡಲು ಒಂದು ಹಗ್ಗ. ಗಾಳಿಯ ಸೆಳೆತ ಬರಿಗೈಗೆ ಬಗ್ಗದ್ದರಿಂದ ಆ ಹಗ್ಗವನ್ನು ಅಡ್ಡಮರಕ್ಕೂ ಡೆಕ್ಕಿಗೂ ನಡುವೆ ನಾಲ್ಕಾರು ರಾಟೆಗಳಲ್ಲಿ ಪೋಣಿಸಿರುತ್ತಾರೆ. ಹಗ್ಗ ಮೇನ್‌ಶೀಟ್, ರಾಟೆ ಸಮೇತ ಇಡೀ ಜೋಡಣೆ ಟ್ಯಾಕಲ್. ಕರಡಿನಲ್ಲಿ ‘ಮುಖ್ಯಹಗ್ಗ’, ‘ರಾಟೆಕಟ್ಟು’ ಎಂದು ಹಾಕಿದ್ದೇನೆ. ಕೈಯ ಬಲ ಎಷ್ಟರಷ್ಟು ಹೆಚ್ಚುತ್ತದೆ ಎಂದು ಹೇಳುವ 4:1, 6:1 ಅನ್ನುವುದಕ್ಕೆ ಏನೂ ಹೊಳೆದಿಲ್ಲ. ‘ಶೀಟ್’ ಎಂದೇ ಬಿಡೋಣವೆಂದರೆ, ಬೆಂಗಳೂರಿನಲ್ಲಿ ಶೀಟ್ ಎಂದರೆ ಶೀಟ್ ಮನೆಯ ಶೀಟು. ಓದಿದವರು ಹಾಯಿಬಟ್ಟೆಯನ್ನೇ ಶೀಟ್ ಅಂದುಕೊಳ್ಳುತ್ತಾರೆ.

ಬಸವನಗುಡಿಯಿಂದ:

ಮುಖ್ಯಹಗ್ಗ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ಬಿರುದಾವಳಿಗಿರುವ ವಿನಾಯಿತಿ ದೋಣಿಗಿಲ್ಲ. ಹಗ್ಗವೂ ಪ್ರಗ್ರಹದ ತದ್ಭವ. ಅಚ್ಚಗನ್ನಡ ಬೇಕಿದ್ದರೆ ಹುರಿ ಎನ್ನಿ. ಹಾಯಿ ಮಾತ್ರ ನಮ್ಮದೇ: ಹಳಗನ್ನಡದ ಪಾಯ್. ತಮಿಳಿನಲ್ಲಿ ಇಂದಿಗೂ ಪಾಯ್ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಹಿರಿದಾದ ಪಾವು ಹೆಬ್ಬಾವು, ಹಿರಿದಾದ ಪುಲಿ ಹೆಬ್ಬುಲಿ. ಹಾಗೆಯೇ ಹಿರಿದಾದ ಪಾಯ್ ಹೆಬ್ಬಾಯಿ. ಮೇನ್‌ಶೀಟ್ = ಹೆಬ್ಬಾಯಿಹುರಿ. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

ಯಲಹಂಕದಿಂದ:

ಹೆಬ್ಬಾಯಿಹುರಿ ಎಂದು ಫಲಕ ಬರೆಸಿದರೆ ಬಾಯಿ ದೊಡ್ಡದಿರುವವರಿಗೆ ಹಾಕುವ ಹಗ್ಗ ಅಂದುಕೊಂಡಾರು, ಮೇಷ್ಟ್ರೇ.

ತಮಾಷೆ ಇರಲಿ. ಹಾಯಿಹಗ್ಗ, ಹಾಯಿಹುರಿ, ಹೆಬ್ಬಾಯಿಹುರಿ ಮೂರಕ್ಕೂ ಒಂದೇ ದೋಷ. ದೊಡ್ಡ ಹಾಯಿಗೆ ಎರಡು ಮುಖ್ಯ ಹಗ್ಗಗಳಿವೆ. ಒಂದು ಹಾಯಿಯನ್ನು ಕೂವೆಯ ತುದಿಗೆ ಏರಿಸಿ ನಿಲ್ಲಿಸುವುದು, ಅದು ಹ್ಯಾಲ್ಯಾರ್ಡ್. ಇನ್ನೊಂದು ಈ ಮೇನ್‌ಶೀಟ್. ಗಾಳಿ ರಪ್ಪನೆ ಹೊಡೆದಾಗ ‘ಹಾಯಿಹುರಿ ಬಿಡು’ ಎಂದು ಕೂಗಿ, ಹೊಸಬ ಏರಿಸಿದ ಹಗ್ಗವನ್ನೇ ಬಿಚ್ಚಿದರೆ ಹಾಯಿ ಕುಸಿದು ಅರ್ಧ ಡೆಕ್ಕಿಗೆ, ಅರ್ಧ ನೀರಿಗೆ. ಪದ ಹಾಯಿಗೆ ಅಂಟಿಕೊಂಡರೆ ಸಾಲದು, ಕೆಲಸವನ್ನು ಹೇಳಬೇಕು. ಕುದುರೆಯನ್ನು ಎಳೆದು ಹಿಡಿಯುವ, ಸಡಿಲ ಬಿಡುವ ವಸ್ತು ಯಾವುದು? ಲಗಾಮು. ‘ಹಾಯಿ ಲಗಾಮು’ ಅನ್ನಿ, ಯಾರೂ ತಪ್ಪು ಹಗ್ಗ ಮುಟ್ಟುವುದಿಲ್ಲ.

ಅಧ್ಯಾಯದ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ, ಪದ ಅದಕ್ಕೆ ಹೊಂದಬೇಕು. ಹಗ್ಗವನ್ನು ಅಡ್ಡಮರಕ್ಕೆ ಕೂವೆಯಿಂದ 3 ಮೀಟರ್ ಹಿಂದೆ ಕಟ್ಟಿದೆ, ಕೆಳಗಿನ ರಾಟೆ ನೇರ 1.2 ಮೀಟರ್ ತಗ್ಗಿನಲ್ಲಿದೆ ಎನ್ನಿ. ಅಡ್ಡಮರ 80 ಡಿಗ್ರಿ ಹೊರಗೆ ಹೋದಾಗ ಮೇಲಿನ ರಾಟೆಗೂ ಕೆಳಗಿನದಕ್ಕೂ ಅಂತರ ಸುಮಾರು 4 ಮೀಟರ್. 4:1 ಜೋಡಣೆಗೆ 16 ಮೀಟರ್, ಕೈಗೆ ಉಳಿಯುವ ಬಾಲ 3 ಮೀಟರ್, ಒಟ್ಟು 19. 6:1 ಆದರೆ 27. ಈಗ ಜೈಬ್: ಹಿಂದಿನಿಂದ ಗಾಳಿ ಬೀಸುವಾಗ ಅಡ್ಡಮರವನ್ನು ನಡುವಿಗೆ ತಂದು ಆ ಕಡೆಗೆ ಬಿಡಬೇಕು. ನಡುವಿಗೆ ತರಲು 4:1ರಲ್ಲಿ 11 ಮೀಟರ್ ಚಿಲ್ಲರೆ, 6:1ರಲ್ಲಿ ಸುಮಾರು 17 ಮೀಟರ್ ಹಗ್ಗ ಎಳೆಯಬೇಕು. ಎಂಟು ಜನರ ದೋಣಿಯಲ್ಲಿ ಅದಕ್ಕೇ ಒಬ್ಬನಿರುತ್ತಾನೆ. ಇಬ್ಬರ ದೋಣಿಯಲ್ಲಿ ಒಬ್ಬರು ಮುಂದೆ ಸ್ಪಿನೇಕರ್ ಎಂಬ ಉಬ್ಬುಹಾಯಿಯನ್ನು ನೋಡುತ್ತಿರುತ್ತಾರೆ, ಚುಕ್ಕಾಣಿ ಹಿಡಿದವರೇ ಇನ್ನೊಂದು ಕೈಯಲ್ಲಿ ಇದನ್ನೂ ಎಳೆಯಬೇಕು. ಬಲ ಹೆಚ್ಚಾದಷ್ಟೂ ವೇಗ ಕಮ್ಮಿ. ಗೋಳೆಲ್ಲ ಅಲ್ಲೇ.

ಅದಕ್ಕೇ ಎರಡು ಹಂತದ ಜೋಡಣೆ. 4:1 ಹಗ್ಗದ ಕಟ್ಟಿದ ತುದಿಗೆ ಇನ್ನೊಂದು ಸಣ್ಣ 4:1 ಸೇರಿಸಿದರೆ 16:1. ದೊಡ್ಡದರಲ್ಲಿ ಸರ್ರನೆ ಎಳೆದು, ಸಣ್ಣದರಲ್ಲಿ ಕೊನೆಯ ನಾಲ್ಕು ಬೆರಳು ಬಿಗಿಯುವುದು. ಸಣ್ಣದರ ಹಗ್ಗ 4 ಮೀಟರ್ ಎಳೆದರೆ ಅಡ್ಡಮರ ಸರಿಯುವುದು 25 ಸೆಂಟಿಮೀಟರ್ ಮಾತ್ರ. ಇಲ್ಲಿ ಎಲ್ಲರೂ ಮುಗ್ಗರಿಸುವ ಜಾಗವೊಂದಿದೆ: ಸಣ್ಣದನ್ನು ಹಿಂದಿನ ಸುತ್ತಿನಲ್ಲಿ ಬಿಗಿದು ಮರೆತರೆ ರಾಟೆಗೆ ರಾಟೆ ತಾಗಿ ಎಳೆಯಲು ಏನೂ ಉಳಿದಿರುವುದಿಲ್ಲ. ಗಾಳಿಗೆ ಎದುರು ತಿರುಗುವ ಮುಂಚೆ ಅದನ್ನು ಪೂರ್ತಿ ಸಡಿಲಿಸಿಟ್ಟಿರಬೇಕು. ಫಲಕದಲ್ಲಿ ಈ ಸಾಲು ಇರಲೇಬೇಕು.

ಮಲ್ಲೇಶ್ವರದಿಂದ:

4:1ಕ್ಕೆ ನಾಲ್ಮಡಿ, 6:1ಕ್ಕೆ ಆರುಮಡಿ. ಇಮ್ಮಡಿ ಮುಮ್ಮಡಿ ಇದ್ದ ಹಾಗೆ. ಪರ್ಚೇಸ್ ಎಂಬ ಈ ಅನುಪಾತಕ್ಕೆ ಇದಕ್ಕಿಂತ ಚೊಕ್ಕ ಪದ ಸಿಗದು. ಶಾರ್ಟ್‌ಹ್ಯಾಂಡೆಡ್ ಎನ್ನುವುದಕ್ಕೆ, ಅಂದರೆ ಒಬ್ಬಿಬ್ಬರೇ ದೋಣಿ ನಡೆಸುವುದಕ್ಕೆ, ಅಲ್ಪಸಿಬ್ಬಂದಿ ಆಗಬಹುದು.

ಜಯನಗರದಿಂದ:

ಇಮ್ಮಡಿ ಪುಲಿಕೇಶಿ ಎರಡು ಪಟ್ಟು ಪುಲಿಕೇಶಿಯಲ್ಲ, ಎರಡನೆಯವನು. ಮಡಿಗೆ ಆ ಅರ್ಥ ಅಂಟಿಯಾಗಿದೆ. ಹಳೇ ರೂಪ ನಾಲ್ವಡಿ ಎಂದು ಬರೆದರಂತೂ ಮೈಸೂರು ಕಡೆಯ ಹುಡುಗರು ಚಪ್ಪಲಿ ಬಿಟ್ಟು ದೋಣಿ ಹತ್ತಿಯಾರು. ಪಟ್ಟು ಎನ್ನಿ: ನಾಲ್ಕು ಪಟ್ಟು, ಹದಿನಾರು ಪಟ್ಟು. ಪಟ್ಟು ಎಂದರೆ ಬಿಗಿ ಹಿಡಿತವೂ ಹೌದು, ಕುಸ್ತಿಯವರನ್ನು ಕೇಳಿ. ಎಳೆ ಎಂದು ಯಾರಾದರೂ ಸೂಚಿಸುವ ಮುಂಚೆ: ನಾಲ್ಕೆಳೆ ಹಗ್ಗ ಎಂದರೆ ನಾಲ್ಕು ಎಳೆ ಹೊಸೆದ ಹಗ್ಗ. ಬೇಡ.

ಅಲ್ಪಸಿಬ್ಬಂದಿ ಎಂದರೆ ಸರ್ಕಾರಿ ಕಚೇರಿಯಲ್ಲಿ ಹುದ್ದೆ ಖಾಲಿ ಇರುವ ಸ್ಥಿತಿ. ನೌಕಾಪಡೆಯ ಹಾಯಿದೋಣಿ ತಾರಿಣಿಯಲ್ಲಿ 2024–25ರಲ್ಲಿ ಲೋಕ ಸುತ್ತಿ ಬಂದ ದಿಲ್ನಾ, ರೂಪಾ ಇಬ್ಬರೇ ಇದ್ದದ್ದು ಆಳು ಸಾಲದೆ ಅಲ್ಲ. ಇಬ್ಬರಾಳಿನ ದೋಣಿ, ಒಬ್ಬರಾಳಿನ ದೋಣಿ. ಸಾಕು.

ಬಸವನಗುಡಿಯಿಂದ:

ಲಗಾಮು ಪಾರಸಿ. ಪಾರಸಿ ತರುವುದಾದರೆ ಮೇನ್‌ಶೀಟ್ ಮಾಡಿದ ಪಾಪವೇನು? ಹಾಗೆಯೇ ರಾಟೆ ಸಂಸ್ಕೃತದ ಅರಘಟ್ಟದಿಂದ ಪ್ರಾಕೃತದ ಮೂಲಕ ಸವೆದು ಬಂದದ್ದು. ಒಂದು ಸಾಲಿನಲ್ಲಿ ಮೂರು ಭಾಷೆಯ ಎಂಜಲು.

ಜಯನಗರದಿಂದ:

ಲಂಗರು ಪಾರಸಿ. ಬಂದರು ಪಾರಸಿ. ಕಳೆದ ತಿಂಗಳು ನೀವೇ ‘ನುಡಿಯ ಚುಕ್ಕಾಣಿ ಕನ್ನಡಿಗರ ಕೈಯಲ್ಲಿರಲಿ’ ಎಂದು ಇಲ್ಲಿ ಬರೆದಿರಿ. ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ಕಡಲಿನವರು ಯಾವಾಗಲೂ ಪಕ್ಕದ ದೋಣಿಯವನ ಮಾತನ್ನು ಕೇಳಿ ಕಲಿತವರು. ಇಂಗ್ಲಿಷಿನವರ ಕ್ಯಾಟಮರಾನ್ ಕೂಡ ತಮಿಳಿನ ಕಟ್ಟುಮರವೇ, ಅದನ್ನು ಯಾರೂ ಹೊರಗಟ್ಟಲಿಲ್ಲ.

ಇನ್ನೊಂದು. ಹಗ್ಗ ಪ್ರಗ್ರಹದ ತದ್ಭವ ಎಂದು ಮೊದಲ ಉತ್ತರದಲ್ಲಿ ನೀವೇ ಹೇಳಿದಿರಿ. ಪ್ರಗ್ರಹ ಎಂದರೆ ಏನು? ಕಠೋಪನಿಷತ್ತಿನ ರಥದಲ್ಲಿ ಮನಸ್ಸೇ ಪ್ರಗ್ರಹ, ಅಂದರೆ ಲಗಾಮು. ನೀವು ತಳ್ಳಿಹಾಕಿದ ಪದದ ಹೊಟ್ಟೆಯೊಳಗೇ ಆ ಅರ್ಥ ಕೂತಿದೆ.

ಮಲ್ಲೇಶ್ವರದಿಂದ:

ರಾಟೆ ಬಿಡಬೇಡಿ. ಬಾವಿ ಇದ್ದ ಮನೆಯ ಹುಡುಗರಿಗೆ ವಿವರಣೆಯೇ ಬೇಡ. ತೆಲುಗು, ಮಲಯಾಳದವರಿಗೆ ಕಪ್ಪಿ ಇದೆ, ನಮ್ಮ ಕಟ್ಟಡದ ಮೇಸ್ತ್ರಿಗೆ ಪುಲ್ಲಿ ಇದೆ, ಇಬ್ಬರೂ ರಾಟೆ ಎಂದರೂ ತಿಳಿದುಕೊಳ್ಳುತ್ತಾರೆ. ಅಡ್ಡಪಟ್ಟಿಯ ಮೇಲೆ ಎಡಕ್ಕೂ ಬಲಕ್ಕೂ ಜಾರುವ ಟ್ರಾವೆಲರ್‌ಗೆ ‘ಜಾರುಬಂಡಿ’ ಹೇಗೆ?

ಯಲಹಂಕದಿಂದ:

ಜಾರುಬಂಡಿ ಪಾರ್ಕಿನಲ್ಲಿರಲಿ. ಟ್ರಾವೆಲರ್ ಹಾಗೇ ಇರಲಿ.

ಜರ್ಮನ್ ಜೋಡಣೆ ಎಂಬುದೂ ಅಧ್ಯಾಯದಲ್ಲಿದ್ದೀತು. ಅದು ಎರಡೇ ಪಟ್ಟು. ಹಗ್ಗದ ನಡುಭಾಗ ಕೆಳಗಿನ ರಾಟೆಯಲ್ಲಿ, ಎರಡು ತುದಿಗಳೂ ಅಡ್ಡಮರದುದ್ದಕ್ಕೂ ಮುಂದೆ ಹೋಗಿ ಕೂವೆಯ ಬುಡದಲ್ಲಿ ಇಳಿದು ಎಡಬಲದ, ಹಗ್ಗ ಸುತ್ತಿ ಎಳೆಯುವ ವಿಂಚ್‌ಗಳಿಗೆ ಬರುತ್ತವೆ. ಮೇಲಿನ ಲೆಕ್ಕದ ದೋಣಿಗೇ ಸುಮಾರು 25 ಮೀಟರ್ ಬೇಕಾದೀತು. 40 ನಂಬರಿನ ವಿಂಚ್ ಎಂದರೆ ಕೆಳ ಗೇರಿನಲ್ಲಿ 40 ಪಟ್ಟು, ಹಾಗಾಗಿ ಕಾಗದದ ಮೇಲೆ 80. ತಿಕ್ಕಾಟ ಅದರಲ್ಲಿ ತಿನ್ನುವ ಪಾಲು ಬೇರೆ. ಎರಡೂ ಮಗ್ಗುಲಿಂದ ಎಳೆಯಬಹುದು, ಅದು ಗುಣ. ಒಂದೇ ಕಡೆಯಿಂದ ಎಳೆಯುತ್ತಾ ಹೋದರೆ ಆ ಕಡೆ ಹಗ್ಗ ಗುಡ್ಡೆ ಬಿದ್ದು ಇನ್ನೊಂದು ಕಡೆಯ ಬಾಲ ಮುಗಿಯುತ್ತದೆ, ಅದು ದೋಷ. ಗಾಳಿ ಹೊಡೆದಾಗ ವಿಂಚ್‌ನ ದವಡೆಯಿಂದ ಹಗ್ಗ ಬಿಡಿಸುವಷ್ಟರಲ್ಲಿ ದೋಣಿ ಮಗ್ಗುಲಾಗಿರುತ್ತದೆ. ಹಗ್ಗವನ್ನು ಕಚ್ಚಿ ಹಿಡಿಯುವ ಹಲ್ಲಿನ ಕ್ಲೀಟ್‌ನಿಂದ ಒಂದೇ ಏಟಿಗೆ ಬಿಡಿಸಬಹುದು, ಅದೂ ಕ್ಲೀಟ್‌ನ ಓರೆ ಕೂತವರ ಭುಜಕ್ಕೆ ಸರಿಯಾಗಿದ್ದರೆ. ತಪ್ಪಿದ್ದರೆ ಭಾರದಲ್ಲಿ ಕಚ್ಚಿಕೊಂಡು ಬಿಡುವುದೇ ಇಲ್ಲ. ಚುಕ್ಕಾಣಿ ಹಿಡಿದವರೇ ಎಲ್ಲ ನೋಡಬೇಕಾದ ಸಣ್ಣ ದೋಣಿಗೆ ನಾನಾದರೆ ಎರಡು ಹಂತದ್ದನ್ನೇ ಬರೆಯುತ್ತೇನೆ. ಅಡ್ಡಮರದ ತುದಿಗೆ ಕಟ್ಟಿದರೆ 4:1 ಸಾಕಾಗುವಲ್ಲಿ, ನಟ್ಟನಡುವೆ ಕಟ್ಟಿದರೆ ಎರಡರಷ್ಟು ಭಾರ ಬರುತ್ತದೆ ಎಂಬುದೂ ಸೇರಲಿ.

ಹಲಸೂರಿನಿಂದ:

ಎಲ್ಲರಿಗೂ ಧನ್ಯವಾದ. ಕೊನೆಗೆ ಹೀಗೆ ಮಾಡಿದ್ದೇನೆ. ಪಂದ್ಯದಲ್ಲಿ ಬೇರೆ ಭಾಷೆಯವರ ಜೊತೆ ಕೂಗಿಕೊಳ್ಳಬೇಕಾದ್ದರಿಂದ ಮೊದಲ ಸಲ ‘ಮೇನ್‌ಶೀಟ್, ಅಂದರೆ ಹಾಯಿ ಲಗಾಮು’, ಆಮೇಲೆ ಬರೀ ಲಗಾಮು. ಬ್ಲಾಕ್‌ಗೆ ರಾಟೆ, ಟ್ಯಾಕಲ್‌ಗೆ ರಾಟೆಕಟ್ಟು. ಅನುಪಾತಕ್ಕೆ ಪಟ್ಟು. ದೊಡ್ಡ ಹಂತಕ್ಕೆ ಒರಟು ಎಳೆತ, ಸಣ್ಣದಕ್ಕೆ ನವಿರು ಎಳೆತ. ಹ್ಯಾಲ್ಯಾರ್ಡ್‌ಗೆ ಏರುಹಗ್ಗ. ಫಲಕದ ಕೊನೆಯ ಸಾಲು: ‘ಗಾಳಿಗೆದುರು ತಿರುಗುವ ಮುನ್ನ ನವಿರು ಎಳೆತವನ್ನು ಪೂರ್ತಿ ಬಿಚ್ಚಿ.’

ಬಸವನಗುಡಿಯಿಂದ:

ಲಗಾಮು ನೋಡಿದೆ. ಇನ್ನು ಮುಂದೆ ನನ್ನನ್ನು ಕೇಳಬೇಡಿ. ‘ಬಿಚ್ಚಿ’ ಎಂದರೆ ಹುಡುಗರು ಗಂಟನ್ನೇ ಬಿಚ್ಚುತ್ತಾರೆ. ‘ಸಡಿಲಿಸಿ’ ಎಂದು ತಿದ್ದಿ, ಅಚ್ಚಿಗೆ ಹೋಗುವ ಮುಂಚೆ.