ಎರಡನೆಯ ಚರಣಕ್ಕೆ ಬರುವಾಗ ತುಟಿ ಒಂದು ಕಡೆ, ಹಾಡು ಇನ್ನೊಂದು ಕಡೆ: ಎಡಿಟಿಂಗ್ ತಂತ್ರಾಂಶ ಬದಲಿಸಬೇಕೆ?

ಡೊಂಬಿವಲಿ ಗಾನಪ್ರಿಯ:

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಗೆಳೆಯರು ಸೇರಿ ಒಂದು ಭಾವಗೀತೆಯನ್ನು ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿಕೊಂಡು, ಅದಕ್ಕೆ ಮನೆಮಟ್ಟದಲ್ಲಿ ವಿಡಿಯೊ ಮಾಡಲು ಹೊರಟಿದ್ದೇವೆ. ರೈಲು ಹಳಿಗೆ ಹತ್ತಿರವಿರುವ ನಮ್ಮ ಸೊಸೈಟಿಯ ಟೆರೇಸಿನಲ್ಲಿ ಮತ್ತು ಗೊರಾಯಿ ಕಡಲತೀರದಲ್ಲಿ, ಸ್ಪೀಕರಿನಲ್ಲಿ ಹಾಡು ಹಾಕಿ, ಗಾಯಕಿ ಅದಕ್ಕೆ ತುಟಿ ಆಡಿಸುವಂತೆ ಎರಡು ಫೋನುಗಳಲ್ಲಿ ಚಿತ್ರೀಕರಿಸಿದೆವು. ಹಾಡಿನ ಉದ್ದ ನಾಲ್ಕು ನಿಮಿಷ. ಪಲ್ಲವಿಯಲ್ಲಿ ಎಲ್ಲವೂ ಸರಿಯಾಗಿ ಹೊಂದುತ್ತದೆ; ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ತುಟಿಯ ಚಲನೆ ಹಾಡಿಗಿಂತ ಸ್ಪಷ್ಟವಾಗಿ ಹಿಂದೆ ಬೀಳುತ್ತದೆ. ಈಗ ಬಳಸುತ್ತಿರುವುದು ಕ್ಲಿಪ್ ಕತ್ತರಿಸಿ ಜೋಡಿಸುವುದಕ್ಕಷ್ಟೇ ಸಾಕಾಗುವ ಒಂದು ಸರಳ ತಂತ್ರಾಂಶ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ, 8 ಜಿಬಿ ರ‍್ಯಾಮ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತಿಂಗಳ ಚಂದಾ ಕಟ್ಟಿ ಪ್ರೀಮಿಯರ್ ಪ್ರೊ ತೆಗೆದುಕೊಂಡರೆ ಇದು ಸರಿಹೋಗುವುದೇ, ಅಥವಾ ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ಸಾಕೇ? ತಿಳಿದವರು ದಯವಿಟ್ಟು ಹೇಳಬೇಕು.

ಕೋಥ್ರೂಡ್ ಸಂಕಲನಕಾರ:

ಸರ್, ಹಣ ಕಟ್ಟುವ ಮೊದಲು ತೊಂದರೆ ಎಲ್ಲಿದೆ ಎಂಬುದನ್ನು ಗುರುತಿಸಿಕೊಳ್ಳೋಣ, ಏಕೆಂದರೆ ನೀವು ವರ್ಣಿಸಿರುವ ಲಕ್ಷಣ ತಂತ್ರಾಂಶಕ್ಕಿಂತ ಹೆಚ್ಚಾಗಿ ಫೋನಿನ ಕಡತದತ್ತ ಬೆರಳು ತೋರಿಸುತ್ತದೆ. ಫೋನುಗಳು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ ಅಥವಾ ಫೋನ್ ಬಿಸಿಯಾದಾಗ ಆ ವೇಗವನ್ನು ತಮಗೆ ಬೇಕಾದಂತೆ ಏರಿಳಿಸುತ್ತವೆ. ಎಡಿಟಿಂಗ್ ತಂತ್ರಾಂಶವು ಎಲ್ಲ ಫ್ರೇಮುಗಳೂ ಸಮಾನ ಅಂತರದಲ್ಲಿವೆ ಎಂದು ನಂಬಿ ನಡೆದರೆ, ಚಿತ್ರ ಮತ್ತು ಶಬ್ದ ನಿಧಾನವಾಗಿ ದೂರವಾಗುತ್ತವೆ.

ಒಂದು ಪರೀಕ್ಷೆ ಮಾಡಿ. ಟೈಮ್‌ಲೈನಿನಲ್ಲಿ (ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಸ್ಟುಡಿಯೊದ ಹಾಡನ್ನು ಇಟ್ಟು, ಅದರ ಕೆಳಗೆ ಫೋನಿನ ಕ್ಲಿಪ್ಪನ್ನು ಅದರದೇ ಶಬ್ದದ ಸಮೇತ ಇಡಿ. ಪಲ್ಲವಿಯಲ್ಲಿ ಎರಡೂ ಶಬ್ದಗಳನ್ನು ಹೊಂದಿಸಿ, ನಂತರ ಎರಡನ್ನೂ ಒಟ್ಟಿಗೆ ಕೊನೆಯವರೆಗೆ ಕೇಳಿ. ಕೊನೆಯವರೆಗೂ ಶಬ್ದಗಳು ಕೂಡಿಕೊಂಡೇ ಇದ್ದು ತುಟಿ ಮಾತ್ರ ತಪ್ಪಿದರೆ ಅದು ಫ್ರೇಮ್ ವೇಗದ ಏರಿಳಿತ. ಬದಲಿಗೆ ಶಬ್ದಗಳೇ ಪ್ರತಿಧ್ವನಿಯಂತೆ ಬೇರ್ಪಡುತ್ತ ಹೋದರೆ, ಚಿತ್ರೀಕರಣದ ದಿನ ಸ್ಪೀಕರಿನಲ್ಲಿ ನುಡಿಸಿದ್ದು ಹಾಡಿನ ಬೇರೊಂದು ಪ್ರತಿ, ಅಂದರೆ ಲಯವನ್ನು ಸ್ವಲ್ಪ ಬದಲಿಸುವುದಕ್ಕೆ ಮುಂಚಿನ ಮಿಕ್ಸ್, ಆಗಿರುವ ಸಾಧ್ಯತೆ ಇದೆ. ಇದಲ್ಲದೆ, 29.97 ಫ್ರೇಮಿನ ಕ್ಲಿಪ್ಪಿನ ಪ್ರತಿಯೊಂದು ಫ್ರೇಮನ್ನೂ 30 ಫ್ರೇಮಿನ ಲೆಕ್ಕದಲ್ಲಿ ಓಡಿಸಿದರೂ ನಾಲ್ಕು ನಿಮಿಷದ ಕೊನೆಗೆ ಸುಮಾರು 0.24 ಸೆಕೆಂಡ್, ಅಂದರೆ ಏಳು ಫ್ರೇಮ್, ವ್ಯತ್ಯಾಸ ಬರುತ್ತದೆ. ಆದರೆ ಆ ವ್ಯತ್ಯಾಸ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಬೆಳೆಯುತ್ತದೆ. ಏರಿಳಿತದ ಕ್ಲಿಪ್ಪಿನಲ್ಲಿ ಅದು ಒಮ್ಮೆ ಹೆಚ್ಚಿ ಒಮ್ಮೆ ನಿಲ್ಲುತ್ತದೆ.

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಮೂಲ ಕಡತವನ್ನು ತೆರೆದು, ಫ್ರೇಮ್ ರೇಟ್ ಮೋಡ್ ಎಂಬಲ್ಲಿ ಏನಿದೆ ಎಂಬುದನ್ನೂ ತಿಳಿಸಿ. ವಾಟ್ಸ್ಆಪ್ ಮೂಲಕ ಕಳಿಸಿಕೊಂಡ ಪ್ರತಿಯನ್ನು ಪರೀಕ್ಷಿಸಬೇಡಿ. ಅದು ಈಗಾಗಲೇ ಕುಗ್ಗಿಸಿದ ಕಡತ.

ಡೊಂಬಿವಲಿ ಗಾನಪ್ರಿಯ:

ಧನ್ಯವಾದಗಳು ಸರ್. ಎರಡೂ ಫೋನುಗಳ ಕಡತದಲ್ಲಿ ‘ವೇರಿಯಬಲ್’ (ಏರಿಳಿಯುವ ವೇಗ) ಎಂದೇ ತೋರಿಸುತ್ತಿದೆ. ಕನಿಷ್ಠ ಮತ್ತು ಗರಿಷ್ಠ ವೇಗಗಳ ನಡುವೆ ದೊಡ್ಡ ಅಂತರವೂ ಇದೆ. ಶಬ್ದಗಳು ಕೊನೆಯವರೆಗೆ ಕೂಡಿಕೊಂಡೇ ಇವೆ, ತುಟಿ ಮಾತ್ರ ತಪ್ಪುತ್ತದೆ. ಆದರೆ ಟೆರೇಸಿನ ಕೆಲವು ಕ್ಲಿಪ್ಪುಗಳಲ್ಲಿ ಲೋಕಲ್ ರೈಲು ಹಾದುಹೋದ ಸದ್ದಿನಿಂದ ಹಾಡು ಕೇಳಿಸುವುದೇ ಇಲ್ಲ. ಅವನ್ನು ಹೇಗೆ ಹೊಂದಿಸುವುದು?

ಕೋಥ್ರೂಡ್ ಸಂಕಲನಕಾರ:

ಹಾಗಾದರೆ ಕಾರಣ ಸಿಕ್ಕಿತು. ಹ್ಯಾಂಡ್‌ಬ್ರೇಕ್ ತಂತ್ರಾಂಶದ ವಿಡಿಯೊ ವಿಭಾಗದಲ್ಲಿ ಫ್ರೇಮ್ ವೇಗವನ್ನು 30 ಎಂದು ಆರಿಸಿ, ‘ಕಾನ್‌ಸ್ಟಂಟ್’ (ಒಂದೇ ಸಮನಾದ ವೇಗ) ಎಂಬುದನ್ನು ಗುರುತು ಮಾಡಿ, ಗುಣಮಟ್ಟವನ್ನು ಸ್ವಲ್ಪ ಮೇಲಿಟ್ಟು ಎಲ್ಲ ಕ್ಲಿಪ್ಪುಗಳನ್ನೂ ಪರಿವರ್ತಿಸಿಕೊಳ್ಳಿ. ಮೂಲ ಕಡತಗಳನ್ನು ಅಳಿಸಬೇಡಿ.

ಈಗ ತಂತ್ರಾಂಶದ ಆಯ್ಕೆ. ಮ್ಯೂಸಿಕ್ ವಿಡಿಯೊಗೆ ಬೇಕಾದ ಮುಖ್ಯ ಸೌಲಭ್ಯವೆಂದರೆ, ಫೋನಿನ ಶಬ್ದದ ಅಲೆಯನ್ನು ಸ್ಟುಡಿಯೊ ಹಾಡಿನ ಅಲೆಯೊಂದಿಗೆ ಹೋಲಿಸಿ ಕ್ಲಿಪ್ಪನ್ನು ತಾನಾಗಿಯೇ ಜಾಗಕ್ಕೆ ತಂದು ಕೂರಿಸುವುದು. ಬಣ್ಣಬಣ್ಣದ ಟ್ರಾನ್ಸಿಷನ್ನುಗಳ ಪಟ್ಟಿ ನೋಡಿ ತಂತ್ರಾಂಶ ಆರಿಸುವುದು, ನನ್ನ ಅಭಿಪ್ರಾಯದಲ್ಲಿ, ವ್ಯರ್ಥ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಈ ಸೌಲಭ್ಯ ಬಹಳ ಚೆನ್ನಾಗಿದೆ, ಬಣ್ಣ ತಿದ್ದುವುದರಲ್ಲಂತೂ ಅದಕ್ಕೆ ಸಾಟಿ ಕಡಿಮೆ, ಅಲ್ಟ್ರಾ ಎಚ್‌ಡಿ ಗಾತ್ರದವರೆಗೆ ನೀರುಗುರುತಿಲ್ಲದೆ ಹೊರತೆಗೆಯಲೂಬಹುದು. ಆದರೆ ಅದು 16 ಜಿಬಿ ರ‍್ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಡುತ್ತದೆ; ನಿಮ್ಮ ಯಂತ್ರದಲ್ಲಿ ಅದು ತೆವಳುತ್ತದೆ. ಯಂತ್ರ ಇದೇ ಆಗಿರುವಾಗ ಪ್ರೀಮಿಯರ್‌ಗೆ ಚಂದಾ ಕಟ್ಟಿದರೂ ಹೆಚ್ಚಿನ ಲಾಭ ಕಾಣುವುದಿಲ್ಲ.

ಆದ್ದರಿಂದ ಕೆಡೆನ್‌ಲೈವ್ ಹಾಕಿಕೊಳ್ಳಿ ಎನ್ನುತ್ತೇನೆ. ಅದು ಪೂರ್ತಿ ಉಚಿತ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿದರೆ, ಕೆಲಸ ಮಾಡುವಾಗ ಚಿಕ್ಕ ಪ್ರತಿಗಳನ್ನು ತೋರಿಸಿ, ಕೊನೆಗೆ ರೆಂಡರ್ ಮಾಡುವಾಗ (ಸಿದ್ಧ ವಿಡಿಯೊ ಹೊರತೆಗೆಯುವಾಗ) ದೊಡ್ಡ ಕಡತವನ್ನೇ ಬಳಸುತ್ತದೆ. ಟೈಮ್‌ಲೈನಿನಲ್ಲಿ ಸ್ಟುಡಿಯೊ ಹಾಡಿನ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಆಡಿಯೊ ರೆಫರೆನ್ಸ್ ಎಂದು ಗುರುತಿಸಿ, ಬಳಿಕ ಪ್ರತಿಯೊಂದು ಫೋನ್ ಕ್ಲಿಪ್ಪನ್ನೂ ಆ ರೆಫರೆನ್ಸಿಗೆ ಅಲೈನ್ ಮಾಡಿದರೆ ಆಯಿತು. ಅದು ಒಗ್ಗದಿದ್ದರೆ ಶಾಟ್‌ಕಟ್ ಇದೆ. ಅದರಲ್ಲಿಯೂ ಇದೇ ಬಗೆಯ ಹೊಂದಾಣಿಕೆ ಸಾಧ್ಯ.

ಲೋಕಲ್ ಸದ್ದಿನ ಕ್ಲಿಪ್ಪುಗಳನ್ನು ಕೈಯಿಂದಲೇ ಹೊಂದಿಸಬೇಕು. ಹಾಡಿನಲ್ಲಿ ಪ, ಬ, ಮ ಬರುವ ಪದವನ್ನು ಹುಡುಕಿ. ಈ ಅಕ್ಷರಗಳಲ್ಲಿ ತುಟಿಗಳು ಪೂರ್ತಿ ಕೂಡಿ ಬಿಡುತ್ತವೆ. ಉದಾಹರಣೆಗೆ ‘ಬಾ’ ಎಂದಾಗ ತುಟಿ ತೆರೆಯುವ ಮೊದಲ ಫ್ರೇಮನ್ನು ಹಿಡಿದು, ಸ್ಟುಡಿಯೊ ಹಾಡಿನಲ್ಲಿ ಆ ‘ಬಾ’ದ ಅಲೆ ಏಕಾಏಕಿ ಏಳುವ ಜಾಗಕ್ಕೆ ತಂದು ನಿಲ್ಲಿಸಿ. ಕ, ತ, ನ ಅಕ್ಷರಗಳನ್ನು ನಂಬಿಕೊಂಡರೆ ಅಂದಾಜು ತಪ್ಪುತ್ತದೆ, ಏಕೆಂದರೆ ಅಲ್ಲಿ ಚಲನೆ ಬಾಯಿಯ ಒಳಗೆ ನಡೆಯುತ್ತದೆ.

ವಾಸ್ಕೊ ಅಲೆಗಾರ:

ಗೊರಾಯಿಯ ಚಿತ್ರಿಕೆಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇಲ್ಲಿ ಗೋವಾದಲ್ಲಿ ನಾವು ಹೆಚ್ಚಾಗಿ ಚಿತ್ರೀಕರಿಸುವುದು ಕಡಲತೀರದಲ್ಲೇ. ಸ್ಪೀಕರ್ ಗಾಯಕಿಯ ಪಕ್ಕದಲ್ಲಿದ್ದು ಫೋನ್ ದೂರದಲ್ಲಿದ್ದರೆ, ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಮಾತ್ರವಾದ್ದರಿಂದ, ಪ್ರತಿ 11 ಮೀಟರಿಗೆ ಸುಮಾರು ಒಂದು ಫ್ರೇಮಿನಷ್ಟು ತಡವಾಗಿ ಹಾಡು ಫೋನಿಗೆ ತಲುಪುತ್ತದೆ. ಅಲೆ ಹೋಲಿಸಿ ಹೊಂದಿಸಿದಾಗ ತಂತ್ರಾಂಶಕ್ಕೆ ಇದು ಗೊತ್ತಾಗುವುದಿಲ್ಲ; ಚಿತ್ರ ಹಾಡಿಗಿಂತ ಮುಂದಾಗಿ ಕೂರುತ್ತದೆ. ದೂರದ ಕ್ಲಿಪ್ಪುಗಳನ್ನು ಅಲೈನ್ ಮಾಡಿದ ಮೇಲೆ ದೂರಕ್ಕೆ ತಕ್ಕಂತೆ ಎರಡು ಮೂರು ಫ್ರೇಮ್ ಬಲಕ್ಕೆ ಸರಿಸಿ ನೋಡಿ.

ಡೊಂಬಿವಲಿ ಗಾನಪ್ರಿಯ:

ಪರಿವರ್ತಿಸಿದ ಕ್ಲಿಪ್ಪುಗಳು ಎರಡನೆಯ ಚರಣದಲ್ಲಿಯೂ ಸರಿಯಾಗಿ ಹೊಂದುತ್ತಿವೆ. ಕೆಡೆನ್‌ಲೈವ್ ಪ್ರಾಕ್ಸಿಯೊಂದಿಗೆ ನಮ್ಮ ಲ್ಯಾಪ್‌ಟಾಪಿನಲ್ಲಿ ತಡೆಯಿಲ್ಲದೆ ಓಡುತ್ತಿದೆ. ಆದರೆ ರಾತ್ರಿ ಟೆರೇಸಿನ ದೀಪದ ಕೆಳಗೆ ತೆಗೆದ ಭಾಗದಲ್ಲಿ ಅಡ್ಡಪಟ್ಟಿಗಳು ಹರಿದಾಡುತ್ತವೆ. ಅದಕ್ಕೇನಾದರೂ ಪರಿಹಾರ ಇದೆಯೇ?

ಕೋಥ್ರೂಡ್ ಸಂಕಲನಕಾರ:

ಅದು ದೀಪದ ಮಿನುಗು ಸರ್. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಇಂತಹ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಫೋನಿನ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಹಿಡಿಯುವ ಅವಧಿ) ಅದಕ್ಕೆ ಹೊಂದದಿದ್ದರೆ ಪಟ್ಟಿ ಬೀಳುತ್ತದೆ. ಎಡಿಟಿಂಗಿನಲ್ಲಿ ಇದನ್ನು ಪೂರ್ತಿ ತೆಗೆಯುವುದು ಕಷ್ಟ. ರಿಸಾಲ್ವ್‌ನ ಡಿಫ್ಲಿಕರ್ (ಮಿನುಗು ತೆಗೆಯುವ ಸೌಲಭ್ಯ) ಕೂಡ ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯಲ್ಲಷ್ಟೇ ಇದೆ. ಆ ಭಾಗ ಚಿಕ್ಕದಾಗಿದ್ದರೆ, ಫೋನಿನ ಪ್ರೊ ಮೋಡಿನಲ್ಲಿ ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ಕಟ್ಟಿಹಾಕಿ ಮತ್ತೊಮ್ಮೆ ಚಿತ್ರೀಕರಿಸಿ.