ಆರ್-ಚಾಪ್ ಕೀಮೋ 4ನೇ ಸೈಕಲ್ ಆದ 12ನೇ ದಿನಕ್ಕೆ ಪೆಟ್ ಸ್ಕ್ಯಾನ್ ಡೇಟ್ ಸಿಕ್ಕಿದೆ, ಹೋಗಬಹುದಾ?

ತುಂಗಾತೀರ:
ಅಮ್ಮನಿಗೆ 58 ವರ್ಷ. ಡಿಎಲ್‌ಬಿಸಿಎಲ್ ಲಿಂಫೋಮಾ (ಒಂದು ಬಗೆಯ ಲಿಂಫ್ ಗಂಟಿನ ಕ್ಯಾನ್ಸರ್). 21 ದಿನಕ್ಕೊಂದರಂತೆ ಒಟ್ಟು 6 ಸೈಕಲ್ ಆರ್-ಚಾಪ್. 4ನೇದು ಸೋಮವಾರ ಆಯ್ತು, ಮಂಗಳವಾರ ಬಿಳಿರಕ್ತಕಣ ಹೆಚ್ಚಿಸೋ ಪೆಗ್‌ಫಿಲ್‌ಗ್ರಾಸ್ಟಿಮ್ 6 ಮಿ.ಗ್ರಾಂ. ಇಂಜೆಕ್ಷನ್. 5ನೇ ಕೀಮೋಗೆ ಮುಂಚೆ ಪೆಟ್-ಸಿಟಿ ಮಾಡಿಸಿ ಅಂತ ಡಾಕ್ಟರ್ ಬರೆದಿದ್ದಾರೆ, ತಾರೀಖು ಬರೆದಿಲ್ಲ. ಸ್ಕ್ಯಾನ್ ಸೆಂಟರ್‌ನವರು 12ನೇ ದಿನ, ಅಂದರೆ ಮುಂದಿನ ಶುಕ್ರವಾರ ಜಾಗ ಇದೆ ಬನ್ನಿ ಅಂತಿದ್ದಾರೆ. ಬೇಗ ಮಾಡಿಸಿದರೆ ಬೇಗ ಗೊತ್ತಾಗುತ್ತಲ್ಲ ಅಂತ ಮನೆಯಲ್ಲಿ ಎಲ್ಲರದೂ ಒಂದೇ ಮಾತು.

ಅಮ್ಮನಿಗೆ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ತಾರೆ. ಮನೆ ಇರೋದು ತೀರ್ಥಹಳ್ಳಿ ಹತ್ತಿರ, ಚಿಕಿತ್ಸೆ ಬೆಂಗಳೂರಲ್ಲಿ. ಸ್ಕ್ಯಾನ್ ತಯಾರಿ ಹೇಗೆ, ಅಲ್ಲೀವರೆಗೆ ಮನೆಯಲ್ಲಿ ಏನು ನೋಡ್ಕೋಬೇಕು, ತಿಳಿದವರು ಹೇಳಿ.

ಐಸೊಟೋಪ್:
12ನೇ ದಿನ ಬೇಡ. ಅದೇ ಸೆಂಟರ್‌ಗೆ ಫೋನ್ ಮಾಡಿ 19ನೇ ದಿನ, ಅಂದರೆ ಅದರ ಮುಂದಿನ ಶುಕ್ರವಾರ ಕೇಳಿ. ಸೋಮವಾರ 5ನೇ ಕೀಮೋ, ಅಷ್ಟರಲ್ಲಿ ರಿಪೋರ್ಟ್ ಕೈಗೆ ಬರುತ್ತೆ.

ಕಾರಣ ಎರಡು. ಪೆಟ್‌ನಲ್ಲಿ ಕೊಡೋ ಎಫ್‌ಡಿಜಿ ಅನ್ನೋದು ವಿಕಿರಣ ಅಂಟಿಸಿದ ಸಕ್ಕರೆ. ಸಕ್ಕರೆಯನ್ನ ಜಾಸ್ತಿ ಉರಿಸೋ ಜಾಗ ಯಾವುದೇ ಇರಲಿ, ಚಿತ್ರದಲ್ಲಿ ಹೊಳೆಯುತ್ತೆ. ಕೀಮೋ ಪೆಟ್ಟು ಬಿದ್ದ ಗಡ್ಡೆಯ ಸುತ್ತ ಕೆಲವು ದಿನ ಉರಿಯೂತ ಇರುತ್ತೆ, ಅದೂ ಹೊಳೆಯುತ್ತೆ. ಪೆಗ್‌ಫಿಲ್‌ಗ್ರಾಸ್ಟಿಮ್ ಕೊಟ್ಟ ಮೇಲಂತೂ ಮೂಳೆಮಜ್ಜೆ ಬಿಳಿರಕ್ತಕಣ ಮಾಡೋ ಭರದಲ್ಲಿ ಬೆನ್ನುಮೂಳೆ, ಸೊಂಟ ಎಲ್ಲಾ ದೀಪಾವಳಿ ಥರ ಕಾಣುತ್ತೆ. ಅದರೊಳಗೆ ರೋಗ ಅಡಗಿದ್ದರೆ ಹುಡುಕೋದು ಕಷ್ಟ. ಆ ಇಂಜೆಕ್ಷನ್ ಆಗಿ ಕನಿಷ್ಠ ಎರಡು ವಾರ ಬಿಡಬೇಕು. 19ನೇ ದಿನಕ್ಕೆ 17 ದಿನ ಆಗಿರುತ್ತೆ, ಸಾಕು. (6 ಸೈಕಲ್ ಮುಗಿದ ಮೇಲಿನ ಸ್ಕ್ಯಾನ್‌ಗೆ ಬೇರೆ ಲೆಕ್ಕ: ಕೊನೇ ಕೀಮೋ ಆಗಿ 6ರಿಂದ 8 ವಾರ. ರೇಡಿಯೇಷನ್ ಕೊಟ್ಟರೆ ಸುಮಾರು 3 ತಿಂಗಳು.)

ತಯಾರಿ ಹಿಂದಿನ ದಿನವೇ ಶುರು. 24 ಗಂಟೆ ಮೈ ದಣಿಯೋ ಕೆಲಸ ಬೇಡ, ದುಡಿದ ಸ್ನಾಯು ಸಕ್ಕರೆ ಎಳ್ಕೊಳ್ಳುತ್ತೆ. ರಾತ್ರಿ ಬಸ್ಸಲ್ಲಿ ನಿದ್ದೆಗೆಟ್ಟು, ಬ್ಯಾಗ್ ಹೊತ್ತು ನೇರ ಸ್ಕ್ಯಾನ್‌ಗೆ ಬರೋ ಬದಲು ಒಂದು ದಿನ ಮುಂಚೆ ಬಂದು ಉಳ್ಕೊಳ್ಳಿ. ರಾತ್ರಿ ಊಟಕ್ಕೆ ಅನ್ನ, ಕಡುಬು, ಚಪಾತಿ, ಹಣ್ಣು ಬಿಟ್ಟು ಮೊಟ್ಟೆ, ಪನೀರ್, ಕೋಳಿ ಅಥವಾ ಮೀನು, ಬೀನ್ಸ್ ಪಲ್ಯ. ಆಮೇಲೆ 6 ಗಂಟೆ ಉಪವಾಸ, ಬರೀ ನೀರು. ಎಳನೀರು ನೀರಲ್ಲ, ಅದರಲ್ಲಿ ಸಕ್ಕರೆ ಇದೆ. "ಸುಸ್ತಾಗಿದೆ, ಒಂದು ಬಾಟಲ್ ಗ್ಲೂಕೋಸ್ ಹಾಕಿಸೋಣ" ಅಂತ ಹೊರಟರೆ ಅವತ್ತಿನ ಸ್ಕ್ಯಾನ್ ಹೋಯ್ತು ಅಂತಲೇ ಲೆಕ್ಕ.

ಎಲೆಅಡಿಕೆ ಅಭ್ಯಾಸ ಇದ್ದರೆ ಅವತ್ತು ಬೇಡ. ಅಗಿದರೆ ದವಡೆ ಸ್ನಾಯು ಹೊಳೆಯುತ್ತೆ, ಕುತ್ತಿಗೆಯ ಗಂಟು ನೋಡೋ ಜಾಗದ ಪಕ್ಕದಲ್ಲೇ. ಎಫ್‌ಡಿಜಿ ಇಂಜೆಕ್ಷನ್ ಆದ ಮೇಲೆ ಸುಮಾರು 60 ನಿಮಿಷ ಸುಮ್ಮನೆ ಮಲಗಿಸ್ತಾರೆ, ಆಗ ಮಾತೂ ಬೇಡ, ಫೋನೂ ಬೇಡ. ಎಸಿ ಕೋಣೆ ತಣ್ಣಗಿರುತ್ತೆ. ಚಳಿಯಾದರೆ ಕುತ್ತಿಗೆ, ಭುಜದ ಕಂದು ಕೊಬ್ಬು (ಮೈ ಬಿಸಿ ಮಾಡೋ ಕೊಬ್ಬು) ಕೆಲಸ ಶುರು ಮಾಡಿ ಲಿಂಫ್ ಗಂಟಿನ ಥರವೇ ಕಾಣುತ್ತೆ, ಹಾಗಾಗಿ ಮನೆ ಬಿಡುವಾಗಲೇ ಸ್ವೆಟರ್ ಹಾಕಿಸಿ. ನಡುಗೋಕೆ ಶುರುವಾದ ಮೇಲೆ ಹೊದಿಸಿದರೆ ಪ್ರಯೋಜನ ಇಲ್ಲ.

ಇತ್ತೀಚೆಗೆ ಯಾವುದಾದರೂ ಲಸಿಕೆ ಆಗಿದ್ದರೆ ಯಾವ ತೋಳು, ಯಾವತ್ತು ಅಂತ ಹೇಳಿ, ಆ ಕಡೆ ಕಂಕುಳ ಗಂಟು ಹೊಳೆಯಬಹುದು. ಮೊದಲ ಪೆಟ್ ಬೇರೆ ಕಡೆ ಆಗಿದ್ದರೆ ಕಾಗದದ ರಿಪೋರ್ಟ್ ಸಾಲದು, ಸಿಡಿ ತನ್ನಿ.

ಶುಗರ್ ವಿಷಯ: ಬೆಳಗಿನ ಸ್ಲಾಟ್ ಕೇಳಿ. 200 ದಾಟಿದ್ದರೆ ಬಹುತೇಕ ಕಡೆ ವಾಪಸ್ ಕಳಿಸ್ತಾರೆ. ಅಲ್ಲೇ ಇನ್ಸುಲಿನ್ ಹಾಕಿ ಇಳಿಸಿ ಅನ್ನಬೇಡಿ. ಇನ್ಸುಲಿನ್ ಆ ಸಕ್ಕರೆಯನ್ನೆಲ್ಲ ಸ್ನಾಯುವಿಗೆ ತಳ್ಳುತ್ತೆ, ಚಿತ್ರ ಹಾಳು. ಮೆಟ್‌ಫಾರ್ಮಿನ್ ಕರುಳನ್ನ ಹೊಳೆಯಿಸುತ್ತೆ, ಅದಕ್ಕೆ 48 ಗಂಟೆ ಮುಂಚೆ ನಿಲ್ಲಿಸೋಕೆ ಹೇಳೋದುಂಟು. ಆದರೆ ನಿಲ್ಲಿಸಿದಾಗ ಶುಗರ್ ಏರುತ್ತೆ, ಹಾಗಾಗಿ ಶುಗರ್ ನೋಡೋ ಡಾಕ್ಟರನ್ನ ಕೇಳಿಯೇ ಮಾಡಿ. ಗ್ಲಿಮೆಪಿರೈಡ್ ನುಂಗಿ ಉಪವಾಸ ಕೂತರೆ ಶುಗರ್ ಕುಸಿದು ತಲೆ ಸುತ್ತುತ್ತೆ, ಆ ಬೆಳಗಿನ ಡೋಸ್ ಬಗ್ಗೆಯೂ ಕೇಳ್ಕೊಳ್ಳಿ.

ಮುಗಿದ ಮೇಲೆ ನೀರು ಜಾಸ್ತಿ ಕುಡಿಸಿ. ಎಫ್‌ಡಿಜಿ 110 ನಿಮಿಷಕ್ಕೊಮ್ಮೆ ಅರ್ಧ ಆಗ್ತಾ ಹೋಗುತ್ತೆ. ಆರು ಗಂಟೆ ಮೊಮ್ಮಕ್ಕಳನ್ನ ಎತ್ಕೋಬಾರದು, ಬಸುರಿಯರ ಪಕ್ಕ ಕೂರಬಾರದು, ಅಷ್ಟೇ.

ಡೇಕೇರ್ ಸಿಸ್ಟರ್:
ಸ್ಕ್ಯಾನ್ ಬಗ್ಗೆ ಮೇಲಿನವರು ಹೇಳಿದ್ದಾಯ್ತು. ನನ್ನ ಕಣ್ಣಲ್ಲಿ ಅದಕ್ಕಿಂತ ದೊಡ್ಡದು, ಆ 12ನೇ ದಿನ ನಿಮ್ಮಮ್ಮನ ಬಿಳಿರಕ್ತಕಣ ಎಷ್ಟಿರುತ್ತೆ ಅನ್ನೋದು. ಆರ್-ಚಾಪ್‌ನಲ್ಲಿ ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ನ್ಯೂಟ್ರೋಫಿಲ್ (ಸೋಂಕಿನ ಜೊತೆ ಹೋರಾಡೋ ಬಿಳಿರಕ್ತಕಣ) ತಳ ಮುಟ್ಟುತ್ತೆ. ಪೆಗ್ ಇಂಜೆಕ್ಷನ್ ಆ ಅವಧಿಯನ್ನ ಕಡಿಮೆ ಮಾಡುತ್ತೆ, ಇಲ್ಲವಾಗಿಸಲ್ಲ. ಆ ವಾರ ತುಂಬಿದ ಬಸ್ಸಲ್ಲಿ ಬೆಂಗಳೂರಿಗೆ ಓಡಾಡಿಸೋದೇ ತಪ್ಪು.

ಡಿಜಿಟಲ್ ಥರ್ಮಾಮೀಟರ್ ಮನೆಯಲ್ಲಿರಲಿ. ಬಾಯಲ್ಲಿ ಇಟ್ಟು ನೋಡಿದಾಗ ಒಂದು ಸಲ 101 ಡಿಗ್ರಿ ಫ್ಯಾರನ್‌ಹೀಟ್ ಬಂದರೆ, ಅಥವಾ 100.4 ಒಂದು ಗಂಟೆ ಹಾಗೇ ಇದ್ದರೆ, ಅದು ತುರ್ತು. ಕಂಕುಳಲ್ಲಿ ಇಟ್ಟರೆ ಸ್ವಲ್ಪ ಕಡಿಮೆ ತೋರಿಸುತ್ತೆ. ಜ್ವರ ಇಲ್ಲದೆ ಮೈ ನಡುಗಿದರೂ ಅದನ್ನ ತುರ್ತು ಅಂತಲೇ ಹಿಡೀರಿ. ಪ್ಯಾರಾಸಿಟಮಾಲ್ ಕೊಟ್ಟು "ಬೆಳಿಗ್ಗೆ ನೋಡೋಣ" ಅನ್ನೋದು ಎಲ್ಲರೂ ಮಾಡೋ ತಪ್ಪು. ಜ್ವರ ಇಳಿಯುತ್ತೆ, ಸೋಂಕು ಒಳಗೇ ಬೆಳೆಯುತ್ತೆ. ಮೊದಲ 5 ದಿನ ಪ್ರೆಡ್ನಿಸೊಲೋನ್ (ಆರ್-ಚಾಪ್‌ನ ಸ್ಟೀರಾಯ್ಡ್) 100 ಮಿ.ಗ್ರಾಂ. ನಡೀತಿರುವಾಗ ಜ್ವರ ಮುಚ್ಚಿಹೋಗಬಹುದು ಅನ್ನೋದೂ ಗೊತ್ತಿರಲಿ.

ಇಂಥ ಹೊತ್ತಲ್ಲಿ ಬೆಂಗಳೂರಿಗೆ ಹೊರಡಬೇಡಿ. ಬೆಂಗಳೂರು ಡಾಕ್ಟರಿಗೆ ಫೋನ್ ಮಾಡ್ತಾ ಮಾಡ್ತಾ ಹತ್ತಿರದ, ಐವಿ (ರಕ್ತನಾಳದ ಮೂಲಕ) ಆಂಟಿಬಯೋಟಿಕ್ ಕೊಡಬಲ್ಲ ಆಸ್ಪತ್ರೆಗೆ ಹೋಗಿ, ಬೇಕಿದ್ದರೆ ಶಿವಮೊಗ್ಗಕ್ಕೆ. ಬಾಗಿಲಲ್ಲೇ ಹೇಳಬೇಕಾದ್ದು: "ಕೀಮೋ ರೋಗಿ, ಇಂತಿಷ್ಟನೇ ದಿನ, ಜ್ವರ." ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಸೋಂಕಿನ ರೋಗಾಣು ಹುಡುಕೋ ಪರೀಕ್ಷೆ) ರಕ್ತ ತೆಗೆದು, ಸಿಬಿಸಿ ಬರೋವರೆಗೂ ಕಾಯದೆ ಒಂದು ಗಂಟೆಯೊಳಗೆ ಮೊದಲ ಡೋಸ್ ಒಳಗೆ ಹೋಗಬೇಕು. ಪ್ಲೇಟ್‌ಲೆಟ್ ಎಷ್ಟಿದೆ ಗೊತ್ತಾಗೋ ಮುಂಚೆ ಸೊಂಟಕ್ಕೆ ನೋವಿನ ಇಂಜೆಕ್ಷನ್ ಬೇಡ ಅನ್ನಿ. ಕಾಯಿಲೆ ಹೆಸರು, ಕೀಮೋ ಹೆಸರು, ಕೊನೇ ಡೋಸಿನ ತಾರೀಖು, ವಾರ್ಡ್ ಫೋನ್ ನಂಬರ್ ಒಂದು ಕಾರ್ಡಲ್ಲಿ ಬರೆದು ಪರ್ಸಲ್ಲಿ ಇಡಿ. ಅಪರಾತ್ರಿಯಲ್ಲಿ ಫೈಲ್ ಹುಡುಕ್ತಾ ಕೂರೋಕಾಗಲ್ಲ.

ನಿಮ್ಮ ಕಡೆಯವರಿಗೆ ಇನ್ನೊಂದು ಮಾತು. ಬೇಸಿಗೆಗೆ ಮುಂಚಿನಿಂದ ಮಳೆಗಾಲದವರೆಗೆ ಮಂಗನ ಕಾಯಿಲೆ ಕಾಲ. ಅದರಲ್ಲೂ ಜ್ವರ ಬಂದು ಬಿಳಿಕಣ, ಪ್ಲೇಟ್‌ಲೆಟ್ ಬೀಳುತ್ತೆ. ತೋಟ, ಕಾಡಿನ ಅಂಚಿಗೆ ಹೋಗೋದಿದ್ದರೆ ಹೇಳಿ, ಅದರ ಪರೀಕ್ಷೆಗೂ ರಕ್ತ ಹೋಗಲಿ. ಆದರೆ ಅದರ ಫಲಿತಾಂಶಕ್ಕೆ ಕಾದು ಆಂಟಿಬಯೋಟಿಕ್ ತಡ ಮಾಡಬಾರದು.

ಬಾಯಿ ಹುಣ್ಣಿಗೆ: ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಚಮಚ ಉಪ್ಪು, 1 ಚಮಚ ಅಡುಗೆ ಸೋಡಾ. ದಿನಕ್ಕೆ 4ರಿಂದ 6 ಸಲ ಮುಕ್ಕಳಿಸಿ ಉಗುಳಬೇಕು, ದಿನಾ ಹೊಸದಾಗಿ ಮಾಡಿ. ಮಿಡಿ ಉಪ್ಪಿನಕಾಯಿ ಸದ್ಯಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿರಲಿ. ಆ ಒಂದು ವಾರ ಹಸಿ ಕೋಸಂಬರಿ, ಹಸಿ ಸೊಪ್ಪು ಅರೆದ ತಂಬುಳಿ ಬಿಡಿ. ಬೇಯಿಸಿದ್ದು, ಬಿಸಿ ಇರುವಾಗ ಬಡಿಸಿದ್ದು ಯಾವುದಾದರೂ ಸರಿ.

ಮಾತ್ರೆಡಬ್ಬಿ:
ಫಾರ್ಮಸಿ ಕಡೆಯಿಂದ ಎರಡು ಮಾತು.

ಅಮೃತಬಳ್ಳಿ ಕಷಾಯ ಕುಡಿಸ್ತಿದ್ದರೆ ಇವತ್ತೇ ನಿಲ್ಲಿಸಿ. ಅದರಿಂದ ಲಿವರ್ ಊದಿಕೊಂಡ ಪ್ರಕರಣಗಳು ಕೋವಿಡ್ ಕಾಲದಿಂದ ನಮ್ಮ ದೇಶದಲ್ಲೇ ಸಾಕಷ್ಟು ದಾಖಲಾಗಿವೆ. ಆರ್-ಚಾಪ್‌ನಲ್ಲಿರೋ ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್ ಎರಡೂ ಲಿವರ್ ಮೂಲಕವೇ ಹೊರಗೆ ಹೋಗಬೇಕು. ಲಿವರ್ ಕೈಕೊಟ್ಟರೆ 5ನೇ ಕೀಮೋ ಡೋಸ್ ಇಳಿಸಬೇಕು, ಇಲ್ಲಾ ಮುಂದೂಡಬೇಕು.

ಎರಡನೇದು ಯಾರೂ ಹೇಳದ್ದು: ಗಜಕರ್ಣಕ್ಕೆ ಅಂಗಡಿಯಲ್ಲಿ ಸಲೀಸಾಗಿ ಕೊಡೋ ಇಟ್ರಾಕೊನಜೋಲ್ ಕ್ಯಾಪ್ಸೂಲ್. ಅದು ಮೈಯಲ್ಲಿ ವಿನ್‌ಕ್ರಿಸ್ಟಿನ್ ಒಡೆದು ಖಾಲಿ ಆಗೋದನ್ನ ತಡೆಯುತ್ತೆ. ಮಲ ಕಟ್ಟಿ ಹೊಟ್ಟೆ ಉಬ್ಬರಿಸುತ್ತೆ, ಕೈಕಾಲು ಜೋಮು ವಿಪರೀತ ಆಗುತ್ತೆ. ಯಾವ ಮಾತ್ರೆ ಸೇರಿಸೋ ಮುಂಚೆಯೂ ಕೀಮೋ ಡಾಕ್ಟರಿಗೆ ತೋರಿಸಿ.

ವಿನ್‌ಕ್ರಿಸ್ಟಿನ್ ಒಂದರಿಂದಲೇ ಕೂಡ ಮಲ ಕಟ್ಟುತ್ತೆ. ಬರೆದುಕೊಟ್ಟ ಲ್ಯಾಕ್ಟುಲೋಸ್ (ಮಲ ಸಡಿಲಿಸೋ ಔಷಧಿ) ಕೀಮೋ ದಿನದಿಂದಲೇ ಶುರುವಾಗಬೇಕು, ಕಟ್ಟಿದ ಮೇಲಲ್ಲ. ಕೌಂಟ್ ಕಡಿಮೆ ಇರುವಾಗ ಎನಿಮಾ ಬೇಡವೇ ಬೇಡ. ಬ್ಲೌಸಿನ ಹುಕ್ ಹಾಕೋಕೆ, ಸೆರಗಿಗೆ ಪಿನ್ ಚುಚ್ಚೋಕೆ ಬೆರಳು ಕೇಳ್ತಿಲ್ಲ ಅಂದರೆ "ಸ್ವಲ್ಪ ಜೋಮು" ಅಂತ ಹೇಳಿ ಬಿಡಬೇಡಿ, ಇದೇ ಮಾತಲ್ಲಿ ಡಾಕ್ಟರಿಗೆ ಹೇಳಿ. ಡೋಸ್ ತೀರ್ಮಾನ ಆಗೋದು ಇದರ ಮೇಲೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಅಮೃತಬಳ್ಳಿ ನಿಲ್ಲಿಸಿದ್ದಾಯ್ತು. ಮೊದಲ ಪೆಟ್ ರಿಪೋರ್ಟಲ್ಲಿ ಎಸ್‌ಯುವಿ ಮ್ಯಾಕ್ಸ್ (ಹೊಳಪಿನ ಅಳತೆ) 22 ಅಂತಿತ್ತು. ಈಗ ಎಷ್ಟಕ್ಕೆ ಇಳಿದಿರಬೇಕು? ರಿಪೋರ್ಟ್ ಬಂದ ಕೂಡಲೇ ಮೊದಲು ಎಲ್ಲಿ ನೋಡಬೇಕು?

ಐಸೊಟೋಪ್:
ಎಸ್‌ಯುವಿಗೆ "ಇಷ್ಟಕ್ಕಿಳಿದರೆ ಪಾಸು" ಅನ್ನೋ ಗೆರೆ ಇಲ್ಲ. ಯಂತ್ರ ಬದಲಾದರೆ, ಅವತ್ತಿನ ಶುಗರ್ ಬದಲಾದರೆ, ಇಂಜೆಕ್ಷನ್ ಆಗಿ 60 ನಿಮಿಷದ ಬದಲು 90 ನಿಮಿಷಕ್ಕೆ ತೆಗೆದರೆ ಅದೂ ಬದಲಾಗುತ್ತೆ. ರಿಪೋರ್ಟಿನ ಕೊನೆಯಲ್ಲಿ ಡೋವಿಲ್ ಸ್ಕೋರ್ ಇರುತ್ತೆ, ಅದನ್ನ ನೋಡಿ. ಫ್ರಾನ್ಸಿನ ಡೋವಿಲ್ ಊರಲ್ಲಿ 2009ರಲ್ಲಿ ತಜ್ಞರು ಕೂತು ಒಪ್ಪಿಕೊಂಡ ಅಳತೆ ಅದು. ರೋಗಿಯ ಅಂಗಾಂಗವೇ ಅಳತೆಗೋಲು: ಗಂಟಿನ ಹೊಳಪನ್ನ ಎದೆಯ ದೊಡ್ಡ ರಕ್ತನಾಳ ಮತ್ತು ಲಿವರ್ ಜೊತೆ ಹೋಲಿಸ್ತಾರೆ. ಹೊಳಪೇ ಇಲ್ಲದಿದ್ದರೆ 1, ರಕ್ತನಾಳದಷ್ಟು ಅಥವಾ ಕಡಿಮೆ ಇದ್ದರೆ 2, ಅದಕ್ಕಿಂತ ಜಾಸ್ತಿ ಆದರೆ ಲಿವರ್ ಮೀರದಿದ್ದರೆ 3. ಲಿವರಿಗಿಂತ ಸ್ವಲ್ಪ ಜಾಸ್ತಿ 4, ತುಂಬಾ ಜಾಸ್ತಿ ಅಥವಾ ಹೊಸ ಜಾಗದಲ್ಲಿ ರೋಗ ಕಂಡರೆ 5.

1ರಿಂದ 3 ಬಂದರೆ ಸಾಮಾನ್ಯವಾಗಿ ಪೂರ್ಣ ಪ್ರತಿಕ್ರಿಯೆ ಅಂತ ತಗೊಳ್ತಾರೆ. "ರೆಸಿಡ್ಯುಯಲ್ ಮಾಸ್" (ಉಳಿದ ಗಡ್ಡೆ) ಅಂತ ಬರೆದಿದ್ದರೂ ಹೆದರಬೇಡಿ, ಗಡ್ಡೆ ಸತ್ತ ಜಾಗದಲ್ಲಿ ಕಲೆಗಟ್ಟಿದ ಅಂಗಾಂಶ ಉಳಿಯುತ್ತೆ, ಹೊಳೆಯದಿದ್ದರೆ ಅದು ಬರೀ ಕಲೆ. 4 ಬಂದರೆ ಚಿಕಿತ್ಸೆ ಸೋತಿತು ಅಂತಲ್ಲ. ಆರ್-ಚಾಪ್ ನಡುವಿನ ಪೆಟ್‌ನಲ್ಲಿ ಉರಿಯೂತದಿಂದ ಸುಳ್ಳು ಹೊಳಪು ಬರೋದು ಗೊತ್ತಿರೋ ವಿಷಯ. ಅದಕ್ಕೇ ಔಷಧಿ ಬದಲಿಸೋ ಮುಂಚೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಸಾಧ್ಯವಾ ಅಂತ ಕೇಳಬೇಕು. ಹಿಂದಿನದಕ್ಕೆ ಹೋಲಿಸಿದರೆ ಹೊಳಪು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನೋದೂ ಮುಖ್ಯ.

ಸೆಂಟರ್ ಫಾರ್ಮಲ್ಲಿ ಯಾರ ಮೊಬೈಲ್ ನಂಬರ್ ಬರೀತೀರಿ ಅನ್ನೋದನ್ನ ಈಗಲೇ ಮಾತಾಡ್ಕೊಳ್ಳಿ. ಪಿಡಿಎಫ್ ಸೀದಾ ವಾಟ್ಸಾಪ್‌ಗೆ ಬರುತ್ತೆ, ಶನಿವಾರ ರಾತ್ರಿ ಡಾಕ್ಟರ್ ಸಿಗದ ಹೊತ್ತಲ್ಲೂ ಬರಬಹುದು. ತಾನೇ ಮೊದಲು ನೋಡಬೇಕೋ, ಸೋಮವಾರ ಡಾಕ್ಟರ್ ಬಾಯಿಂದ ಕೇಳಬೇಕೋ, ಅಮ್ಮನನ್ನೇ ಕೇಳಿ. ರಿಪೋರ್ಟ್ ತಡವಾದರೆ 5ನೇ ಕೀಮೋ ನೀವಾಗಿ ಮುಂದೂಡಬೇಡಿ, ಅದು ಡಾಕ್ಟರ್ ತೀರ್ಮಾನ.

ತುಂಗಾತೀರ:
19ನೇ ದಿನ ಬೆಳಿಗ್ಗೆ 8ಕ್ಕೆ ಸಿಕ್ಕಿತು. ಕ್ರಿಯಾಟಿನಿನ್ ರಿಪೋರ್ಟ್ ತನ್ನಿ ಅಂದರು, ಯಾಕೆ? ಮತ್ತೆ, ಶಿವಮೊಗ್ಗದಿಂದ ಬರೋಕೆ ರೈಲಲ್ಲಿ ರಿಯಾಯಿತಿ ಇದೆಯಂತಲ್ಲ?

ಡೇಕೇರ್ ಸಿಸ್ಟರ್:
ಸಿಟಿಗೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗೋಕೆ ರಕ್ತನಾಳಕ್ಕೆ ಹಾಕೋ ದ್ರವ) ಕೊಡೋದಿದ್ದರೆ ಕಿಡ್ನಿ ತಡ್ಕೊಳ್ಳುತ್ತಾ ನೋಡೋಕೆ ಕ್ರಿಯಾಟಿನಿನ್. ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಅದು ಇನ್ನೂ ಮುಖ್ಯ. ಊರಲ್ಲೇ ಸಿಬಿಸಿ ಜೊತೆ ಮಾಡಿಸಿ, 5ನೇ ಕೀಮೋಗೂ ಆಗುತ್ತೆ.

ರೈಲು: ಸ್ಲೀಪರ್ ಮತ್ತು 3 ಎಸಿಯಲ್ಲಿ ರೋಗಿಗೆ ಪೂರ್ತಿ, ಜೊತೆಯವರಿಗೆ 75% ರಿಯಾಯಿತಿ. ರೈಲ್ವೆಯ ನಿಗದಿತ ಫಾರ್ಮಿಗೆ ಆಸ್ಪತ್ರೆಯ ಸಹಿ, ಸೀಲು ಬೇಕು. ಈ ಸಲ ನಿಮ್ಮ ಕೈಯಲ್ಲಿ ಅದಿಲ್ಲದಿದ್ದರೆ ಸೋಮವಾರ ಕೀಮೋಗೆ ಬಂದಾಗಲೇ ಮಾಡಿಸ್ಕೊಳ್ಳಿ, 6ನೇದಕ್ಕೆ ಉಪಯೋಗಕ್ಕೆ ಬರುತ್ತೆ.